ನಾಲ್ಕು ಮನೆ, ಒಂದು ಟೆಂಪೋ ಟ್ರಾವೆಲರ್: ಕುಟುಂಬ ಪ್ರವಾಸದ ಖರ್ಚು, ಊಟ ಹಂಚಿಕೊಳ್ಳುವುದು ಹೇಗೆ?

ದಸರಾ, ಕ್ರಿಸ್‌ಮಸ್ ಅಥವಾ ಬೇಸಿಗೆ ರಜೆ ಹತ್ತಿರ ಬಂತೆಂದರೆ ಓದುಗರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಬೆಂಗಳೂರಿನಿಂದ ಮೂರ್ನಾಲ್ಕು ಮನೆಯವರು ಸೇರಿ ಹೊರಡುತ್ತಿದ್ದೇವೆ. ದುಡ್ಡು ಹೇಗೆ ಹಂಚಿಕೊಳ್ಳೋದು? ಅಡುಗೆ ಯಾರು ಮಾಡೋದು?" ಸ್ನೇಹಿತರ ಗುಂಪಾದರೆ ಇದು ಕಷ್ಟದ ಪ್ರಶ್ನೆಯೇ ಅಲ್ಲ. ತಲೆಗಿಷ್ಟು ಅಂತ ಹಾಕಿದರೆ ಮುಗಿಯಿತು. ನೆಂಟರಿಷ್ಟರ ಗುಂಪಿನಲ್ಲಿ ಹಾಗಾಗುವುದಿಲ್ಲ. ಭಾವನ ಹತ್ತಿರ ದುಡ್ಡು ಕೇಳಲು ಸಂಕೋಚ. ಚಿಕ್ಕಪ್ಪ ಎಲ್ಲದಕ್ಕೂ "ನಾನೇ ಕೊಡ್ತೀನಿ ಬಿಡೋ" ಅನ್ನುತ್ತಾರೆ. ಇನ್ಯಾರೋ ಬಾಯಿಬಿಟ್ಟು ಏನೂ ಹೇಳದೆ ಮನಸ್ಸಿನಲ್ಲೇ ಲೆಕ್ಕ ಇಟ್ಟುಕೊಂಡಿರುತ್ತಾರೆ.

ನನ್ನ ಸಲಹೆ ಎರಡೇ. ಲೆಕ್ಕವನ್ನು ಮನೆಗಿಷ್ಟು ಅಂತ ಹಾಕಬೇಡಿ, ಪಾಲಿಗಿಷ್ಟು ಅಂತ ಹಾಕಿ. ಅಡುಗೆಮನೆಯ ಕೆಲಸವನ್ನೂ ದುಡ್ಡಿನ ಹಾಗೇ ಹಂಚಿ. ಎರಡನ್ನೂ ಹೇಗೆ ಮಾಡುವುದು ಅಂತ ಒಂದೊಂದಾಗಿ ನೋಡೋಣ. ಉದಾಹರಣೆಗೆ ಶನಿವಾರ ಬೆಳಿಗ್ಗೆ ಹೊರಟು ಸೋಮವಾರ ಸಂಜೆ ವಾಪಸ್ ಬರುವ ಸಕಲೇಶಪುರದ ಪ್ರವಾಸವನ್ನು ಇಟ್ಟುಕೊಂಡಿದ್ದೇನೆ. ಚಿಕ್ಕಮಗಳೂರು, ಮಡಿಕೇರಿ, ಎಲ್ಲಿಗೆ ಹೋದರೂ ಕ್ರಮ ಇದೇ.

ಮೊದಲು ಇಷ್ಟು ಬೇಕು: ಎಲ್ಲ ಮನೆಯವರೂ ಇರುವ ಒಂದು ವಾಟ್ಸಾಪ್ ಗುಂಪು. ಎಲ್ಲರಿಗೂ ಕಾಣುವ ಹಾಗೆ ಲೆಕ್ಕ ಬರೆಯಲು ಒಂದು ಗೂಗಲ್ ಶೀಟ್, ಇಲ್ಲವೇ ಸ್ಪ್ಲಿಟ್‌ವೈಸ್‌ನಂಥ ಆ್ಯಪ್. ಅದೂ ಬೇಡವೆಂದರೆ ಒಂದು ಇನ್ನೂರು ಪುಟದ ನೋಟ್‌ಬುಕ್. ದುಡ್ಡು ನೋಡಿಕೊಳ್ಳಲು ಒಬ್ಬರು, ಊಟ ನೋಡಿಕೊಳ್ಳಲು ಇನ್ನೊಬ್ಬರು. ಎರಡನ್ನೂ ಒಬ್ಬರ ತಲೆಗೆ ಕಟ್ಟಬೇಡಿ. ಕಟ್ಟಿದರೆ ಅವರಿಗೆ ಪ್ರವಾಸವೇ ಇರುವುದಿಲ್ಲ.

1. ಅಡ್ವಾನ್ಸ್ ಕೊಡುವ ಮೊದಲು ಮಾತಾಡಿ

ಹೋಮ್‌ಸ್ಟೇಗೆ ಒಂದು ರೂಪಾಯಿ ಕಳಿಸುವ ಮೊದಲೇ ಇಷ್ಟು ವಿಷಯ ಇತ್ಯರ್ಥ ಆಗಬೇಕು.

ಒಂದು, ಬಜೆಟ್. ಒಬ್ಬರಿಗೆ ಹೆಚ್ಚೆಂದರೆ ಎಷ್ಟಾಗಬಹುದು ಅಂತ ಕೇಳಿ. ಗುಂಪಿನಲ್ಲೇ ಕೇಳಿದರೆ ಯಾರೂ ನಿಜ ಹೇಳುವುದಿಲ್ಲ. ಒಬ್ಬೊಬ್ಬರಿಗೂ ಫೋನ್ ಮಾಡಿ ಕೇಳಿ. ಯಾರು ಕಡಿಮೆ ಹೇಳುತ್ತಾರೋ ಆ ಅಂಕಿಗೆ ಪ್ರವಾಸವನ್ನು ಹೊಂದಿಸಿ. ಅದು ಯಾರು ಹೇಳಿದ್ದು ಅಂತ ಗುಂಪಿನಲ್ಲಿ ಹೇಳುವ ಅಗತ್ಯವಿಲ್ಲ.

ಎರಡು, ಹಿರಿಯರ ಪಾಲು ಯಾರದ್ದು? ಅಪ್ಪ ಅಮ್ಮ ಬರುತ್ತಿದ್ದರೆ ಅವರ ಪಾಲನ್ನು ಮಕ್ಕಳೆಲ್ಲ ಸಮನಾಗಿ ಹಾಕಿಕೊಳ್ಳುವುದು ನಮ್ಮಲ್ಲಿ ರೂಢಿ. ಆದರೆ ಅಪ್ಪ ಅಮ್ಮ ಯಾರ ಜೊತೆ ಇದ್ದಾರೋ ಅವರೇ ಪೂರ್ತಿ ಕೊಡಲಿ ಅಂತ ಉಳಿದವರು ಸುಮ್ಮನಿದ್ದುಬಿಡುವುದೂ ಉಂಟು. ಇದನ್ನು ಬಾಯಿಬಿಟ್ಟು ಆಡಿ ಮುಗಿಸಿ.

ಮೂರು, ಯಾವುದು ಎಲ್ಲರ ಖರ್ಚು, ಯಾವುದು ಅವರವರದ್ದು? ಗಾಡಿ, ರೂಮು, ಒಟ್ಟಿಗೆ ಕೂತು ಮಾಡುವ ಊಟ, ಕಾಫಿ, ಟೋಲ್, ಪಾರ್ಕಿಂಗ್, ಡ್ರೈವರ್ ಊಟ ಎಲ್ಲರದ್ದು. ಕಾಫಿಪುಡಿ, ಏಲಕ್ಕಿ, ಚಾಕೊಲೇಟ್ ಖರೀದಿ, ಮಕ್ಕಳ ಐಸ್‌ಕ್ರೀಮು, ಔಷಧಿ, ಜಿಪ್‌ಲೈನ್‌ನಂಥ ಆಟಗಳು ಅವರವರದ್ದು. ಗುಂಡು ಹಾಕುವವರಿದ್ದರೆ ಅದರ ಬಿಲ್ಲು ಖಂಡಿತ ಅವರವರದ್ದೇ. ಜಾಸ್ತಿ ಮನಸ್ತಾಪ ಬರುವುದು ಆ ಬಿಲ್ಲಿನಿಂದಲೇ.

ನಾಲ್ಕು, ಕೊನೆ ಗಳಿಗೆಯಲ್ಲಿ ಯಾರಾದರೂ ಬರದಿದ್ದರೆ? ಗಾಡಿ ಮತ್ತು ಮನೆ ಬಾಡಿಗೆ ಒಬ್ಬರು ಕಡಿಮೆಯಾದರೂ ಇಳಿಯುವುದಿಲ್ಲ. ಹಾಗಾಗಿ ಆ ಎರಡರ ಪಾಲು ಕೊಡಬೇಕು, ಊಟದ ಪಾಲು ಬೇಡ ಅನ್ನುವುದು ನ್ಯಾಯ. ಅವರ ಬದಲಿಗೆ ಬೇರೆಯವರು ಬಂದರೆ ಪೂರ್ತಿ ವಾಪಸ್. ಆಸ್ಪತ್ರೆ, ಸಾವು ಇಂಥ ಕಾರಣಕ್ಕೆ ನಿಂತವರಿಂದ ಮಾತ್ರ ಕೇಳಬೇಡಿ, ಉಳಿದವರು ಹಂಚಿಕೊಳ್ಳಿ. ಇಷ್ಟನ್ನೂ ಗುಂಪಿನಲ್ಲಿ ನಾಲ್ಕು ಸಾಲು ಬರೆದು ಪಿನ್ ಮಾಡಿಡಿ.

2. ಪಾಲು ಎಷ್ಟು ಅಂತ ಎಣಿಸಿ

'ಪಾಲು' ಅಂದರೆ ಒಬ್ಬ ದೊಡ್ಡವರ ಖರ್ಚು. ಹನ್ನೆರಡು ವರ್ಷ ದಾಟಿದವರೆಲ್ಲ ಒಂದು ಪಾಲು. 5ರಿಂದ 12 ವರ್ಷದ ಮಕ್ಕಳು ಅರ್ಧ ಪಾಲು. ಐದರೊಳಗಿನವರಿಗೆ ಲೆಕ್ಕವಿಲ್ಲ. ರೈಲಿನಲ್ಲೂ ಐದರೊಳಗಿನ ಮಗುವಿಗೆ ಬೇರೆ ಸೀಟು ಬೇಡವೆಂದರೆ ಟಿಕೆಟ್ ಇಲ್ಲ. ಎಲ್ಲರಿಗೂ ಗೊತ್ತಿರುವ ಅಳತೆ ಆದ್ದರಿಂದ ವಾದ ಕಡಿಮೆ.

ನಮ್ಮ ಉದಾಹರಣೆಯ ಗುಂಪು ಹೀಗಿದೆ:

ಅಣ್ಣನ ಮನೆ: ಗಂಡ, ಹೆಂಡತಿ, 8 ವರ್ಷದ ಮಗ, 3 ವರ್ಷದ ಮಗಳು. ಎರಡೂವರೆ ಪಾಲು.
ತಂಗಿಯ ಮನೆ: ಗಂಡ, ಹೆಂಡತಿ, 10 ವರ್ಷದ ಮಗಳು. ಎರಡೂವರೆ ಪಾಲು.
ಚಿಕ್ಕಪ್ಪನ ಮನೆ: ಚಿಕ್ಕಪ್ಪ, ಚಿಕ್ಕಮ್ಮ, ಕಾಲೇಜಿಗೆ ಹೋಗುವ ಮಗ. ಮೂರು ಪಾಲು.
ಸೋದರತ್ತೆ: ಒಬ್ಬರೇ. ಒಂದು ಪಾಲು.

ಒಟ್ಟು 11 ಜನ, 9 ಪಾಲು.

ಒಂದು ಎಚ್ಚರಿಕೆ. ಗಾಡಿಯ ವಿಷಯಕ್ಕೆ ಅರ್ಧ ಪಾಲು ನಡೆಯುವುದಿಲ್ಲ. ಎಂಟು ವರ್ಷದ ಹುಡುಗ ಅರ್ಧ ತಟ್ಟೆ ಊಟ ಮಾಡಬಹುದು, ಅರ್ಧ ಸೀಟಿನಲ್ಲಿ ಕೂರಲು ಆಗುವುದಿಲ್ಲ. ಹಾಗಾಗಿ ಊಟಕ್ಕೆ ಮತ್ತು ಮನೆ ಬಾಡಿಗೆಗೆ ಪಾಲಿನ ಲೆಕ್ಕ, ಗಾಡಿಗೆ ಸೀಟಿನ ಲೆಕ್ಕ. ಇಲ್ಲಿ ಮೂರು ವರ್ಷದ ಮಗು ಅಮ್ಮನ ತೊಡೆಯ ಮೇಲೆ ಅಂದುಕೊಂಡು 10 ಸೀಟು. ಉಳಿದದ್ದರಲ್ಲಿ ಇನ್ನೂ ಸೂಕ್ಷ್ಮಕ್ಕೆ ಹೋಗಬೇಡಿ. "ಅವರು ಎರಡೇ ಇಡ್ಲಿ ತಿಂದ್ರು" ಅಂತ ಎಣಿಸುವ ಮಟ್ಟಕ್ಕೆ ಇಳಿದರೆ ಪ್ರವಾಸವೇ ಬೇಡ.

3. ಗಾಡಿ ಗೊತ್ತು ಮಾಡಿ

ಹತ್ತು ಹನ್ನೆರಡು ಜನಕ್ಕೆ ಟೆಂಪೋ ಟ್ರಾವೆಲರ್, ಅಂದರೆ ಟಿಟಿ ಸರಿಯಾಗುತ್ತದೆ. ಫೋನಿನಲ್ಲಿ ಕಿಲೋಮೀಟರಿಗೆ ಇಷ್ಟು ಅಂತ ಒಂದು ಅಂಕಿ ಹೇಳುತ್ತಾರೆ. ಬಿಲ್ಲು ಬರುವುದು ಆ ಅಂಕಿಯಿಂದ ಅಲ್ಲ, ಅದರ ಸುತ್ತ ಇರುವ ಷರತ್ತುಗಳಿಂದ.

'ಮಿನಿಮಮ್ ಕಿಲೋಮೀಟರ್' ಅಂದರೆ ಗಾಡಿ ಓಡಲಿ ಬಿಡಲಿ, ದಿನಕ್ಕೆ ಇಷ್ಟು ಕಿಲೋಮೀಟರಿನ ದುಡ್ಡು ಕೊಡಲೇಬೇಕು ಅಂತ. ಇದು ಸಾಮಾನ್ಯವಾಗಿ 250 ಅಥವಾ 300 ಇರುತ್ತದೆ. ಸಕಲೇಶಪುರ ಬೆಂಗಳೂರಿನಿಂದ ಸುಮಾರು 220 ಕಿಲೋಮೀಟರ್. ಹೋಗಿ ಬಂದು, ಅಲ್ಲಿ ಸುತ್ತಾಡಿದರೂ 500ರ ಆಚೀಚೆ. ಆದರೆ ಮೂರು ದಿನಕ್ಕೆ ದಿನಕ್ಕೆ 300ರಂತೆ 900 ಕಿಲೋಮೀಟರಿಗೆ ಬಿಲ್ಲು ಬರುತ್ತದೆ. ಗಾಡಿ ಭಾನುವಾರ ಇಡೀ ದಿನ ಹೋಮ್‌ಸ್ಟೇ ಅಂಗಳದಲ್ಲಿ ನಿಂತಿದ್ದರೂ ಅಷ್ಟೇ. ಆದ್ದರಿಂದ ಒಂದೇ ಕಡೆ ಉಳಿಯುವ ಪ್ಲ್ಯಾನ್ ಇದ್ದರೆ 'ಬಿಟ್ಟು ಬರಲು ಒಂದು ಸಲ, ಕರೆತರಲು ಒಂದು ಸಲ' ಅಂದರೆ ಎಷ್ಟಾಗುತ್ತದೆ ಅಂತಲೂ ಕೇಳಿ. ಅಲ್ಲಿ ಸುತ್ತಾಡಲು ಊರಿನ ಜೀಪು ಸಿಗುತ್ತದೆ. ಕೆಲವು ಗುಡ್ಡಗಳಿಗೆ ಟಿಟಿ ಹೇಗೂ ಹತ್ತುವುದಿಲ್ಲ.

'ಬಾಟಾ' ಅಂದರೆ ಡ್ರೈವರಿಗೆ ದಿನಕ್ಕೆ ಕೊಡುವ ಭತ್ಯೆ. ಊಟದ ದುಡ್ಡು ಬಾಟಾದಲ್ಲೇ ಸೇರಿದೆಯಾ, ರಾತ್ರಿ ಅವರು ಮಲಗುವುದೆಲ್ಲಿ ಅಂತ ಮೊದಲೇ ಕೇಳಿ. ಘಾಟಿ ರಸ್ತೆಯಲ್ಲಿ ನಿಮ್ಮನ್ನೆಲ್ಲ ಕರೆದುಕೊಂಡು ಹೋಗುವವರು ರಾತ್ರಿ ಗಾಡಿಯ ಸೀಟಿನಲ್ಲಿ ಮುದುಡಿಕೊಂಡು ಮಲಗುವುದು ಸರಿಯಲ್ಲ. ಬುಕ್ ಮಾಡುವಾಗಲೇ ಹೋಮ್‌ಸ್ಟೇಯವರ ಹತ್ತಿರ ಡ್ರೈವರ್ ರೂಮು ಇದೆಯಾ ಅಂತ ಕೇಳಿಬಿಡಿ.

'ಶೆಡ್ ಟು ಶೆಡ್' ಅಂದರೆ ಮೀಟರ್ ನಿಮ್ಮ ಮನೆ ಬಾಗಿಲಿನಿಂದಲ್ಲ, ಗಾಡಿ ನಿಲ್ಲುವ ಜಾಗದಿಂದ ಶುರು. ಯಲಹಂಕದ ಗಾಡಿಯನ್ನು ಜೆ.ಪಿ. ನಗರಕ್ಕೆ ಕರೆಸಿದರೆ ಆ ದೂರವೂ ನಿಮ್ಮದೇ. ಇನ್ನು ಕೆಲವರು ದಿನವನ್ನು ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ ಎಣಿಸುತ್ತಾರೆ. ಶುಕ್ರವಾರ ರಾತ್ರಿ ಹನ್ನೊಂದಕ್ಕೆ ಹೊರಟರೆ ಒಂದು ಗಂಟೆಗೆ ಒಂದಿಡೀ ದಿನದ ಬಾಡಿಗೆ ಬೀಳುತ್ತದೆ. ಬೆಳಿಗ್ಗೆ ಐದಕ್ಕೆ ಹೊರಡುವುದೇ ಲಾಭ.

ಹಳದಿ ಬೋರ್ಡಿನ ಗಾಡಿಯನ್ನೇ ತೆಗೆದುಕೊಳ್ಳಿ. ಸ್ವಂತ ಬಳಕೆಯ ಬಿಳಿ ಬೋರ್ಡ್ ಗಾಡಿಯನ್ನು ಬಾಡಿಗೆಗೆ ಓಡಿಸುವುದು ಕಾನೂನಿಗೆ ವಿರುದ್ಧ. ಅಪಘಾತವಾದರೆ ವಿಮೆಯ ದುಡ್ಡಿಗೂ ತೊಡಕು.

ಇನ್ನು ಬೆಂಗಳೂರಿನದ್ದೇ ಆದ ಒಂದು ತಲೆನೋವಿದೆ. ಒಬ್ಬರು ವೈಟ್‌ಫೀಲ್ಡ್, ಒಬ್ಬರು ಬನಶಂಕರಿ, ಒಬ್ಬರು ಹೆಬ್ಬಾಳ. ಪ್ರತಿ ಮನೆ ಬಾಗಿಲಿಗೂ ಹೋಗಿ ಹತ್ತಿಸಿಕೊಂಡರೆ ನೆಲಮಂಗಲ ದಾಟುವಷ್ಟರಲ್ಲಿ ಮಕ್ಕಳಿಗೆ ಹಸಿವಾಗಿರುತ್ತದೆ, ದೊಡ್ಡವರಿಗೆ ಸಿಟ್ಟು ಬಂದಿರುತ್ತದೆ. ಹಾಸನದ ಕಡೆಗಾದರೆ ತುಮಕೂರು ರಸ್ತೆಯ ಹಸಿರು ಮಾರ್ಗದ ಮೆಟ್ರೊ ನಿಲ್ದಾಣ ಒಂದರಲ್ಲಿ, ಮೈಸೂರಿನ ಕಡೆಗಾದರೆ ಕೆಂಗೇರಿ ನಿಲ್ದಾಣದಲ್ಲಿ ಎಲ್ಲರೂ ಸೇರಿ. ವೈಟ್‌ಫೀಲ್ಡಿನವರಿಗೆ ನೇರಳೆ ಮಾರ್ಗ ನೇರ ಕೆಂಗೇರಿಗೇ ಬರುತ್ತದೆ. ಭಾನುವಾರ ಮಾತ್ರ ಮೆಟ್ರೊ ತಡವಾಗಿ ಶುರುವಾಗುತ್ತದೆ, ನೆನಪಿರಲಿ. ಮನೆಯಿಂದ ಅಲ್ಲಿಯವರೆಗಿನ ಆಟೊ ಖರ್ಚು ಅವರವರದ್ದು.

ಸ್ವಂತ ಕಾರುಗಳಲ್ಲಿ ಹೋಗುವುದಾದರೆ ಹೊರಡುವಾಗ ಎಲ್ಲ ಕಾರಿಗೂ ಟ್ಯಾಂಕ್ ತುಂಬಿಸಿ, ವಾಪಸ್ ಬಂದಾಗ ಮತ್ತೆ ತುಂಬಿಸಿ. ದಾರಿಯಲ್ಲಿ ಮತ್ತು ಕೊನೆಯಲ್ಲಿ ಹಾಕಿಸಿದ ಎಲ್ಲ ಬಿಲ್ಲುಗಳನ್ನು ಒಟ್ಟು ಮಾಡಿ ಸೀಟಿಗೆ ಹಂಚಿ. ಕಾರಿನವರಿಗೆ ಸವೆತದ ಲೆಕ್ಕದಲ್ಲಿ ಏನಾದರೂ ಬಿಡುವುದು ಮರ್ಯಾದೆ. ಉದಾಹರಣೆಗೆ ಅವರಿಂದ ಟೋಲ್ ಪಾಲು ತೆಗೆದುಕೊಳ್ಳಬೇಡಿ. ಆಗಸ್ಟ್ 2025ರಲ್ಲಿ 3,000 ರೂಪಾಯಿಗೆ ಶುರುವಾದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಇರುವ ಕಾರಿಗೆ ರಾಷ್ಟ್ರೀಯ ಹೆದ್ದಾರಿಯಲ್ಲಿ ಟೋಲ್ ಕಟ್ ಆಗುವುದಿಲ್ಲ. ಆದರೆ ಪಾಸಿನಲ್ಲಿ ಇರುವುದು 200 ಟ್ರಿಪ್ ಮಾತ್ರ. ಅಂದರೆ ಒಂದು ಟೋಲ್‌ಗೇಟ್ ದಾಟಿದರೆ ಸುಮಾರು 15 ರೂಪಾಯಿ ಖರ್ಚು. ಅಷ್ಟನ್ನು ಬರೆದುಕೊಳ್ಳಿ ಸಾಕು.

ಕಡಿಮೆ ಖರ್ಚಿನಲ್ಲಿ ಹೋಗುವವರಿಗೆ ಕೆಎಸ್‌ಆರ್‌ಟಿಸಿಯ ಸಾಮಾನ್ಯ ಬಸ್ಸಿದೆ. ಜೂನ್ 2023ರಿಂದ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಹೆಣ್ಣುಮಕ್ಕಳಿಗೆ ಟಿಕೆಟ್ ಉಚಿತ. ಆಗ ಬಸ್ ಖರ್ಚನ್ನು ಹಂಚುವುದೇ ಬೇಡ, ಗಂಡಸರು ಅವರವರ ಟಿಕೆಟ್ ತೆಗೆದುಕೊಂಡರಾಯಿತು. ರಾಜಹಂಸ, ಐರಾವತದಂಥ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ.

4. ಉಳಿಯುವ ಮನೆ

ಇಲ್ಲಿ ಎರಡು ಬಗೆಯ ದರ ಇರುತ್ತದೆ. ಒಂದು ತಲೆಗಿಷ್ಟು, ಊಟ ತಿಂಡಿ ಸೇರಿ. ಇನ್ನೊಂದು ಇಡೀ ಮನೆಗಿಷ್ಟು, ಅಡುಗೆಮನೆ ನಿಮ್ಮದೇ. ಮೊದಲನೆಯದಾದರೆ ಹಂಚುವ ಕೆಲಸ ಸುಲಭ. ಮಕ್ಕಳಿಗೆ ಎಷ್ಟು ವಯಸ್ಸಿನವರೆಗೆ ಅರ್ಧ ದರ, ಎಷ್ಟು ಊಟ ಸೇರಿದೆ, ಬಂದ ದಿನದ ಮಧ್ಯಾಹ್ನದ ಊಟ ಸೇರಿದೆಯಾ ಅಂತ ಕೇಳಿ. ಎರಡನೆಯದರಲ್ಲಿ ದುಡ್ಡು ಉಳಿಯುತ್ತದೆ, ಕೆಲಸ ಹೆಚ್ಚುತ್ತದೆ.

ಪೇಚಾಟ ಬರುವುದು ರೂಮಿನ ಹಂಚಿಕೆಯಲ್ಲಿ. ರೂಮಿಗಿಷ್ಟು ಅಂತ ಹಾಕಿದರೆ ಒಬ್ಬರೇ ಬಂದ ಅತ್ತೆ ಇಡೀ ರೂಮಿನ ಬಾಡಿಗೆ ಕೊಡಬೇಕಾಗುತ್ತದೆ. ಮೂರು ಜನ ಇರುವ ಮನೆಗೂ ಅಷ್ಟೇ ಬಾಡಿಗೆ. ಇದು ಅನ್ಯಾಯ. ಅದಕ್ಕೇ ಇಡೀ ಮನೆ ಬಾಡಿಗೆಯನ್ನು ಪಾಲಿನ ಮೇಲೆ ಹಾಕಿ ಅನ್ನುತ್ತೇನೆ. ಅತ್ತೆಯ ರೂಮಿನಲ್ಲಿ ಮೊಮ್ಮಕ್ಕಳಲ್ಲಿ ಒಬ್ಬರು ಮಲಗುತ್ತಾರೆ, ಕಾಲೇಜು ಹುಡುಗ ಹಾಲಿನಲ್ಲಿ ಹಾಸಿಗೆ ಹಾಕಿಕೊಳ್ಳುತ್ತಾನೆ. ಮಂಡಿನೋವು ಇರುವವರಿಗೆ ನೆಲಮಹಡಿಯ ರೂಮು, ಅದೂ ವೆಸ್ಟರ್ನ್ ಟಾಯ್ಲೆಟ್ ಇರುವುದು. ಇದನ್ನು ಬುಕಿಂಗಿಗೆ ಮುಂಚೆ ಫೋಟೊ ತರಿಸಿ ನೋಡಿ.

ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯಾ ಅಂತ ಕೇಳುವುದು ಒಳ್ಳೆಯದು. ಇಂಟರ್‌ನೆಟ್ಟಿನಲ್ಲಿ ಸಿಕ್ಕಿದ ನಂಬರಿಗೆ ಪೂರ್ತಿ ದುಡ್ಡು ಮುಂಚೆಯೇ ಕಳಿಸಬೇಡಿ. ವಿಡಿಯೊ ಕಾಲ್‌ನಲ್ಲಿ ಮನೆ ತೋರಿಸಲು ಹೇಳಿ, ಸ್ವಲ್ಪ ಅಡ್ವಾನ್ಸ್ ಮಾತ್ರ ಕಳಿಸಿ. ಕೆಲವರು 'ಕಾಷನ್ ಡಿಪಾಸಿಟ್' ಕೇಳುತ್ತಾರೆ. ಏನಾದರೂ ಒಡೆದರೆ, ಹಾಳಾದರೆ ಅಂತ ಇಟ್ಟುಕೊಳ್ಳುವ ದುಡ್ಡು ಅದು, ಆಮೇಲೆ ವಾಪಸ್ ಬರಬೇಕು. ಖರ್ಚಿನ ಪಟ್ಟಿಯಲ್ಲಿ ಅದನ್ನು ಬೇರೆಯೇ ಬರೆಯಿರಿ.

5. ಒಂದು ಸಲ ಲೆಕ್ಕ ಹಾಕಿ ನೋಡೋಣ

ಇಲ್ಲಿರುವ ಅಂಕಿಗಳು ಲೆಕ್ಕ ತೋರಿಸಲು ಹಿಡಿದವು, ಮಾರುಕಟ್ಟೆ ದರ ಅಲ್ಲ.

ಗಾಡಿ: ಕಿಲೋಮೀಟರಿಗೆ 20 ರೂಪಾಯಿಯಂತೆ 900 ಕಿಲೋಮೀಟರಿಗೆ 18,000. ಬಾಟಾ ಮೂರು ದಿನಕ್ಕೆ 1,800. ಟೋಲ್, ಪಾರ್ಕಿಂಗ್ 1,200. ಒಟ್ಟು 21,000. ಹತ್ತು ಸೀಟಿಗೆ ಹಂಚಿದರೆ ಸೀಟಿಗೆ 2,100.
ಮನೆ: ಎರಡು ರಾತ್ರಿಗೆ 27,000. ಒಂಬತ್ತು ಪಾಲಿಗೆ ಹಂಚಿದರೆ ಪಾಲಿಗೆ 3,000.
ಊಟ, ಕಾಫಿ, ದಿನಸಿ: 13,500. ಪಾಲಿಗೆ 1,500.

ಅಣ್ಣನ ಮನೆಗೆ 3 ಸೀಟು, ಎರಡೂವರೆ ಪಾಲು: 6,300 + 7,500 + 3,750 = 17,550.
ತಂಗಿಯ ಮನೆಗೂ ಅಷ್ಟೇ: 17,550.
ಚಿಕ್ಕಪ್ಪನ ಮನೆಗೆ 3 ಸೀಟು, 3 ಪಾಲು: 6,300 + 9,000 + 4,500 = 19,800.
ಅತ್ತೆಗೆ 2,100 + 3,000 + 1,500 = 6,600.

ಒಟ್ಟು 61,500. ಇದನ್ನೇ ಮನೆಗಿಷ್ಟು ಅಂತ ನಾಲ್ಕು ಭಾಗ ಮಾಡಿದ್ದರೆ ತಲಾ 15,375 ಆಗುತ್ತಿತ್ತು. ಅತ್ತೆ ತಮ್ಮ ಖರ್ಚಿನ ಎರಡು ಪಟ್ಟಿಗಿಂತ ಜಾಸ್ತಿ ಕೊಟ್ಟು ಉಳಿದವರ ಪ್ರವಾಸ ನಡೆಸಿದ ಹಾಗಾಗುತ್ತಿತ್ತು. ಪೆನ್ಷನ್‌ನಲ್ಲಿ ಬದುಕುವ ಹಿರಿಯರು ಇಂಥದ್ದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಮುಂದಿನ ಸಲ "ಮಂಡಿನೋವು, ಬರಲ್ಲ" ಅನ್ನುತ್ತಾರೆ ಅಷ್ಟೇ.

6. ಹುಂಡಿ ಇಡಿ

ದಾರಿಯಲ್ಲಿ ಒಬ್ಬೊಬ್ಬರು ಒಂದೊಂದು ಬಿಲ್ಲು ಕೊಡುತ್ತಾ ಹೋದರೆ ಮೂರನೇ ದಿನ ಯಾರಿಗೂ ಏನೂ ನೆನಪಿರುವುದಿಲ್ಲ. ಹೊರಡುವ ಒಂದು ವಾರ ಮುಂಚೆ ಊಟ ಮತ್ತು ದಾರಿಖರ್ಚಿನ ಅಂದಾಜು ದುಡ್ಡನ್ನು ಪಾಲಿನ ಪ್ರಕಾರ ಒಬ್ಬರ ಹತ್ತಿರ ಸೇರಿಸಿ. ಅವರು ತಮ್ಮ ಸಂಬಳ ಬರುವ ಅಕೌಂಟಿನಲ್ಲಿ ಬೆರೆಸದೆ, ಬಳಸದೆ ಬಿದ್ದಿರುವ ಬೇರೆ ಅಕೌಂಟ್ ಇದ್ದರೆ ಅದನ್ನು ಬಳಸಲಿ. ಆಗ ಆ ಅಕೌಂಟಿನ ಸ್ಟೇಟ್‌ಮೆಂಟೇ ಲೆಕ್ಕದ ಪುಸ್ತಕ.

ಎಲ್ಲ ಬಿಲ್ಲನ್ನೂ ಹುಂಡಿಯಿಂದಲೇ ಕೊಡಬೇಕು. ದರ್ಶಿನಿ ಕೌಂಟರಿನಲ್ಲಿ "ನಾನು ಕೊಡ್ತೀನಿ, ನಾನು ಕೊಡ್ತೀನಿ" ಅಂತ ಭಾವ, ಅಣ್ಣ ಕೈ ತಳ್ಳಾಡುವ ನಾಟಕ ಅಲ್ಲಿಗೆ ಮುಗಿಯುತ್ತದೆ. ಚಿಕ್ಕಪ್ಪನಿಗೆ ಕೊಡಲೇಬೇಕು ಅನಿಸಿದರೆ ಒಂದು ಊಟವನ್ನು ಅವರ ಹೆಸರಿಗೆ ಬಿಟ್ಟುಬಿಡಿ. "ಭಾನುವಾರ ಮಧ್ಯಾಹ್ನದ ಊಟ ನಿಮ್ಮದು" ಅಂತ ಮುಂಚೆಯೇ ಹೇಳಿದರೆ ಅವರಿಗೂ ಖುಷಿ, ಲೆಕ್ಕಕ್ಕೂ ಗೊಂದಲವಿಲ್ಲ.

ಮಲೆನಾಡಿನಲ್ಲಿ ಬಹಳ ಕಡೆ ನೆಟ್‌ವರ್ಕ್ ಸಿಗುವುದಿಲ್ಲ, ಯುಪಿಐ ನಂಬಿ ಕೂರುವಂತಿಲ್ಲ. ಹುಂಡಿಯ ಒಂದು ಭಾಗ ನಗದಾಗಿ ಇರಲಿ, ಅದೂ ಸಣ್ಣ ನೋಟುಗಳಲ್ಲಿ. ಹೋಟೆಲ್ ಬಿಲ್ಲಿನಲ್ಲಿ 'ಸರ್ವಿಸ್ ಚಾರ್ಜ್' ಅಂತ ಸೇರಿಸಿದ್ದರೆ ಅದು ಕಡ್ಡಾಯ ಅಲ್ಲ, ತೆಗೆಯಲು ಹೇಳಬಹುದು. ಜಿಎಸ್‌ಟಿ ಮಾತ್ರ ಕೊಡಲೇಬೇಕು.

7. ಊಟದ ಪಟ್ಟಿ ಮಾಡಿ

ಮೊದಲು ಒಟ್ಟು ಎಷ್ಟು ಊಟ ಅಂತ ಎಣಿಸಿ. ಶನಿವಾರ ಬೆಳಿಗ್ಗೆಯಿಂದ ಸೋಮವಾರ ಮಧ್ಯಾಹ್ನದವರೆಗೆ ತಿಂಡಿ, ಊಟ ಸೇರಿ ಎಂಟು ಹೊತ್ತು. ಎಂಟನ್ನೂ ಬೇಯಿಸುವುದು ಹುಚ್ಚು, ಎಂಟನ್ನೂ ಹೋಟೆಲಿನಲ್ಲಿ ತಿನ್ನುವುದು ಹೊಟ್ಟೆಗೂ ಜೇಬಿಗೂ ಭಾರ. ನಾನು ಹೇಳುವ ಹಂಚಿಕೆ ಹೀಗಿದೆ.

ಶನಿವಾರದ ತಿಂಡಿ ದಾರಿಯಲ್ಲಿ. ಹಾಸನ ರಸ್ತೆಯಲ್ಲಿ ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್ ಸುತ್ತಮುತ್ತ ಹೋಟೆಲುಗಳಿಗೆ ಬರವಿಲ್ಲ. ಮೈಸೂರಿನ ಕಡೆ ಹೋಗುವವರು ಗಮನಿಸಿ: 2023ರಲ್ಲಿ ಶುರುವಾದ ಎಕ್ಸ್‌ಪ್ರೆಸ್‌ವೇ ಬಿಡದಿ, ಮದ್ದೂರು ಎರಡೂ ಊರಿನ ಒಳಗೆ ಹೋಗದೆ ಹೊರಗಿನಿಂದ ಹಾದುಹೋಗುತ್ತದೆ. ತಟ್ಟೆ ಇಡ್ಲಿ, ಮದ್ದೂರು ವಡೆ ಬೇಕೆಂದರೆ ಹಳೇ ರಸ್ತೆಗೆ ಇಳಿಯಲೇಬೇಕು.

ಶನಿವಾರ ಮಧ್ಯಾಹ್ನಕ್ಕೆ ಮನೆಯಿಂದ ಬುತ್ತಿ. ಹೋಮ್‌ಸ್ಟೇ ತಲುಪಿದಾಗ ಒಂದು ಗಂಟೆ ಆಗಿರುತ್ತದೆ. ಆಗ ಒಲೆ ಹಚ್ಚಿದರೆ ಊಟ ಮೂರಕ್ಕೆ. ಒಂದು ಮನೆ ಪುಳಿಯೋಗರೆ, ಒಂದು ಮನೆ ಚಪಾತಿ ಪಲ್ಯ, ಒಂದು ಮನೆ ಮೊಸರನ್ನ ತರಲಿ. ಯಾರು ಏನು ಅಂತ ಬರೆದಿಡದಿದ್ದರೆ ನಾಲ್ಕೂ ಮನೆಯಿಂದ ಪುಳಿಯೋಗರೆ ಬರುತ್ತದೆ. ಕೆಡದ ಹಾಗೆ ತರುವುದಕ್ಕೂ ಕ್ರಮವಿದೆ. ಪುಳಿಯೋಗರೆಗೆ ಹಸಿ ತೆಂಗಿನಕಾಯಿ ಬೇಡ, ಕೊಬ್ಬರಿ ಹಾಕಿ. ಮೊಸರನ್ನಕ್ಕೆ ಕಾಯಿಸಿ ಆರಿಸಿದ ಹಾಲು ಜಾಸ್ತಿ ಹಾಕಿ ಒಂದು ಚಮಚ ಮೊಸರು ಬೆರೆಸಿದರೆ ಮಧ್ಯಾಹ್ನಕ್ಕೆ ಹುಳಿಯಾಗದೆ ಹದವಾಗಿರುತ್ತದೆ. ಅನ್ನ ಪೂರ್ತಿ ಆರಿದ ಮೇಲೆ ಡಬ್ಬಿ ಮುಚ್ಚಿ. ಕಾಯಿಚಟ್ನಿ ಬೇಡವೇ ಬೇಡ, ಚಟ್ನಿಪುಡಿ ಸಾಕು.

ಶನಿವಾರ ರಾತ್ರಿ ಅನ್ನ, ತಿಳಿಸಾರು, ಹಪ್ಪಳ. ಎಲ್ಲರೂ ಸುಸ್ತಾಗಿರುತ್ತಾರೆ, ಅಬ್ಬರದ ಅಡುಗೆ ಬೇಡ. ಭಾನುವಾರ ಬೆಳಿಗ್ಗೆ ಉಪ್ಪಿಟ್ಟು ಅಥವಾ ಅವಲಕ್ಕಿ. ಭಾನುವಾರ ಮಧ್ಯಾಹ್ನದ ಊಟವನ್ನು ಹೋಮ್‌ಸ್ಟೇಯವರಿಗೇ ಹೇಳಿ. ಅಕ್ಕಿ ರೊಟ್ಟಿ, ಕಡುಬು, ನಾಟಿ ಕೋಳಿ ಸಾರು ಅವರ ಕೈಯಲ್ಲಿ ಆದರೇ ಚೆನ್ನ. ಅಲ್ಲಿಯವರೆಗೂ ಹೋಗಿ ಬೆಂಗಳೂರಿನ ಬಿಸಿಬೇಳೆಬಾತೇ ತಿನ್ನುವುದು ಯಾಕೆ? ಬಿಸಿಬೇಳೆಬಾತು ಭಾನುವಾರ ರಾತ್ರಿಗಿರಲಿ, ಪುಡಿ ಮನೆಯಿಂದ ಒಯ್ಯಿರಿ. ಸೋಮವಾರದ ತಿಂಡಿಗೆ ಉಳಿದ ತರಕಾರಿ ಹಾಕಿ ವಾಂಗಿಬಾತು, ಚಿತ್ರಾನ್ನ ಏನಾದರೂ. ಮಧ್ಯಾಹ್ನ ದಾರಿಯಲ್ಲಿ.

ಅಳತೆ ಗೊತ್ತಿಲ್ಲದೆ ಚೀಲಗಟ್ಟಲೆ ಹೊತ್ತುಕೊಂಡು ಹೋಗುವುದು ಮಾಮೂಲು ತಪ್ಪು. ಅಂದಾಜಿಗೆ: ಒಂದು ಹೊತ್ತಿಗೆ ಒಂದು ಪಾಲಿಗೆ 100 ಗ್ರಾಂ ಅಕ್ಕಿ, ಸಾರಿಗೆ 40 ಗ್ರಾಂ ತೊಗರಿಬೇಳೆ. ಉಪ್ಪಿಟ್ಟಿಗೆ 80 ಗ್ರಾಂ ರವೆ, ಅವಲಕ್ಕಿಯೂ ಅಷ್ಟೇ. ಅಂದರೆ ನಮ್ಮ ಒಂಬತ್ತು ಪಾಲಿಗೆ ಒಂದು ಹೊತ್ತಿಗೆ ಒಂದು ಕೆಜಿ ಅಕ್ಕಿ ಧಾರಾಳ. ಅರ್ಧ ಲೀಟರ್ ಹಾಲಿಗೆ ಐದಾರು ಕಾಫಿ. ಫ್ರಿಜ್ ನಂಬಲು ಆಗದ ಕಡೆಗೆ ನಂದಿನಿ ಗುಡ್‌ಲೈಫ್ ಹಾಲು ಒಯ್ಯಿರಿ, ಪ್ಯಾಕೆಟ್ ಕತ್ತರಿಸುವವರೆಗೆ ಹೊರಗಿಟ್ಟರೂ ಕೆಡುವುದಿಲ್ಲ. ದೋಸೆ ಹಿಟ್ಟು ಮಾತ್ರ ಗಾಡಿಯಲ್ಲಿ ಬೇಡ. ಬಿಸಿಲಿಗೆ ಉಬ್ಬಿ ಬ್ಯಾಗಿನ ಬಟ್ಟೆಗೆಲ್ಲ ಮೆತ್ತಿಕೊಳ್ಳುತ್ತದೆ.

ಹೋಮ್‌ಸ್ಟೇಯ ಅಡುಗೆಮನೆಯ ಫೋಟೊ ಕೇಳಿ. ಎಷ್ಟು ಒಲೆ, ಕುಕ್ಕರ್ ಎಷ್ಟು ಲೀಟರಿನದು, ಸಿಲಿಂಡರ್ ತುಂಬಿದೆಯಾ ಅಂತ ವಿಚಾರಿಸಿ. ಎರಡು ಜನರ ಪಾತ್ರೆಯಲ್ಲಿ ಹನ್ನೊಂದು ಜನಕ್ಕೆ ಬೇಯಿಸಲು ಆಗದು. ಐದು ಲೀಟರಿನ ಕುಕ್ಕರ್, ಕಾಫಿ ಫಿಲ್ಟರ್, ಒಗ್ಗರಣೆ ಡಬ್ಬಿ, ಒಳ್ಳೆಯ ಚಾಕು, ಬೆಂಕಿಪೊಟ್ಟಣ ಮನೆಯಿಂದಲೇ ಬರಲಿ. ಮಲೆನಾಡಿನಲ್ಲಿ ಕರೆಂಟ್ ಹೋಗುವುದು ಸಾಮಾನ್ಯ, ಆದ್ದರಿಂದ ಮಿಕ್ಸಿ ಬೇಕಾಗುವ ಅಡುಗೆ ಇಟ್ಟುಕೊಳ್ಳಬೇಡಿ. ಗ್ಯಾಸ್ ಸಿಲಿಂಡರ್ ಅನ್ನು ಗಾಡಿಯಲ್ಲಿ ಹೊತ್ತುಕೊಂಡು ಹೋಗಬೇಡಿ. ರೈಲಿನಲ್ಲಂತೂ ಅದು ನಿಷಿದ್ಧ. ತಟ್ಟೆಗೆ ಅಡಿಕೆ ಹಾಳೆಯದ್ದು ಒಯ್ಯಿರಿ, ಪ್ಲಾಸ್ಟಿಕ್ ಬೇಡ.

ಯಾರಿಗೆ ಏನು ಆಗುವುದಿಲ್ಲ ಅಂತಲೂ ಪಟ್ಟಿ ಬೇಕು. ಶನಿವಾರ ಒಪ್ಪೊತ್ತು ಮಾಡುವವರು, ಸಂಕಷ್ಟಿಗೆ ಚಂದ್ರ ಕಂಡ ಮೇಲೆ ಉಣ್ಣುವವರು, ಈರುಳ್ಳಿ ಬೆಳ್ಳುಳ್ಳಿ ತಿನ್ನದವರು, ಸೋಮವಾರ ಮಾಂಸ ಮುಟ್ಟದವರು ಎಲ್ಲ ಒಂದೇ ಗುಂಪಿನಲ್ಲಿ ಇರುವುದು ನಮ್ಮಲ್ಲಿ ಸಹಜ. ಹೊರಡುವ ಮೊದಲೇ ಕ್ಯಾಲೆಂಡರ್ ನೋಡಿ. ಶುಗರ್ ಇರುವವರಿಗೆ ಊಟ ಎಂಟೂವರೆಗೆ ಅಂದರೆ ಎಂಟೂವರೆಗೇ ಸಿಗಬೇಕು. ಮಾಂಸದಡುಗೆಗೆ ಬೇರೆ ಪಾತ್ರೆ, ಬೇರೆ ಸೌಟು, ಬೇರೆ ಲೆಕ್ಕ. ತಿನ್ನದವರ ಪಾಲಿಗೆ ಕೋಳಿಯ ದುಡ್ಡು ಹಾಕಬೇಡಿ.

ಮನೆಯಿಂದ ತಂದ ದಿನಸಿಗೆ ಲೆಕ್ಕ ಹೇಗೆ ಅಂತ ಬಹಳ ಜನ ಕೇಳುತ್ತಾರೆ. ಮನೆಯಲ್ಲಿದ್ದ ಉಪ್ಪು, ಎಣ್ಣೆ, ಸಾರಿನಪುಡಿ, ಮಾಡಿಟ್ಟ ಕೋಡುಬಳೆ, ಚಕ್ಕುಲಿಗೆ ಲೆಕ್ಕ ಬೇಡ. ಪ್ರವಾಸಕ್ಕೆಂದೇ ಅಂಗಡಿಯಿಂದ ತಂದದ್ದಕ್ಕೆ ಬಿಲ್ಲು ಕೊಟ್ಟು ಹುಂಡಿಯಿಂದ ದುಡ್ಡು ತೆಗೆದುಕೊಳ್ಳಿ.

8. ಕೆಲಸ ಹಂಚಿ

ಜಾಸ್ತಿ ಮನೆಗಳಲ್ಲಿ ಈ ಹಂತವನ್ನು ಹಾರಿಸಿಬಿಡುತ್ತಾರೆ. ದುಡ್ಡು ಪೈಸೆಪೈಸೆ ಹಂಚಿರುತ್ತಾರೆ, ಕೆಲಸ ಮಾತ್ರ ಚಿಕ್ಕಮ್ಮ, ಅತ್ತಿಗೆ, ನಾದಿನಿ ಮೂವರ ಮೇಲೆ. ಗಂಡಸರು ಹೊರಗೆ ಬೆಂಕಿ ಹಾಕಿಕೊಂಡು ಇಸ್ಪೀಟು ಆಡುತ್ತಾ "ಇನ್ನೊಂದು ರೌಂಡ್ ಕಾಫಿ" ಅನ್ನುತ್ತಿರುತ್ತಾರೆ. ಮನೆಯಲ್ಲಿ ಮಾಡುವ ಕೆಲಸವನ್ನೇ ಇನ್ನೂರು ಕಿಲೋಮೀಟರ್ ದೂರ ಹೋಗಿ, ಅದೂ ಹನ್ನೊಂದು ಜನಕ್ಕೆ ಮಾಡುವವರಿಗೆ ರಜೆ ಎಲ್ಲಿ ಸಿಕ್ಕಿತು?

ಹಾಗಾಗಿ ಪ್ರತಿ ಹೊತ್ತಿಗೂ ಹೆಸರು ಬರೆಯಿರಿ. ಮನೆಯ ಹೆಸರು ಬೇಡ, ವ್ಯಕ್ತಿಯ ಹೆಸರು ಬರೆಯಿರಿ. 'ಅಣ್ಣನ ಮನೆ' ಅಂತ ಬರೆದರೆ ಅದು ಅತ್ತಿಗೆಯೇ ಆಗುತ್ತದೆ. ಶನಿವಾರ ರಾತ್ರಿ ಅಣ್ಣ ಮತ್ತು ತಂಗಿ, ಭಾನುವಾರ ಬೆಳಿಗ್ಗೆ ಚಿಕ್ಕಪ್ಪ ಮತ್ತು ಅವರ ಮಗ, ರಾತ್ರಿ ಭಾವ ಮತ್ತು ಅತ್ತಿಗೆ, ಹೀಗೆ. ಅಡುಗೆ ಮಾಡಿದವರು ಪಾತ್ರೆ ತೊಳೆಯಬಾರದು. ತಟ್ಟೆ ಅವರವರದ್ದು ಅವರವರೇ ತೆಗೆಯುವುದು. ಎಂಟು, ಹತ್ತು ವರ್ಷದ ಮಕ್ಕಳು ನೀರು ಇಡಲಿ, ಬಡಿಸಲಿ. ಬೆಳಗಿನ ಮೊದಲ ಡಿಕಾಕ್ಷನ್ ಹಾಕುವ ಕೆಲಸ ಬೇಗ ಏಳುವವರಿಗೆ ಬಿಡಿ. ಚಿಕ್ಕಪ್ಪನ ಉಪ್ಪಿಟ್ಟು ಗಂಟಾದರೆ ಆಗಲಿ. ಯಾರೂ ಹೋಗಿ ಕೈಯಿಂದ ಸೌಟು ಕಿತ್ತುಕೊಳ್ಳಬೇಡಿ.

ಕೆಲಸ ಮಾಡಲು ಆಗದವರು, ಇಷ್ಟವಿಲ್ಲದವರು ಇದ್ದರೆ ಅದಕ್ಕೂ ದಾರಿಯಿದೆ. ಬಹಳ ಹೋಮ್‌ಸ್ಟೇಗಳಲ್ಲಿ ಪಾತ್ರೆ ತೊಳೆಯಲು, ರೊಟ್ಟಿ ತಟ್ಟಲು ಅಲ್ಲಿಯವರೇ ಸಿಗುತ್ತಾರೆ. ಅವರ ಕೂಲಿಯನ್ನು ಊಟದ ಖರ್ಚಿನಲ್ಲಿ ಸೇರಿಸಿ ಪಾಲಿಗೆ ಹಾಕಿ.

9. ವಾಪಸ್ ಬಂದ ಮೇಲೆ

ಮನೆ ಸೇರಿದ ಎರಡು ದಿನದೊಳಗೆ ಲೆಕ್ಕ ಮುಗಿಸಿ. ವಾರ ಕಳೆದರೆ ಕೇಳುವವರಿಗೆ ಮುಜುಗರ, ಕೊಡುವವರಿಗೆ ಮರೆವು.

ಹುಂಡಿ ಇಡದೆ ಒಬ್ಬೊಬ್ಬರು ಒಂದೊಂದು ಖರ್ಚು ಹಾಕಿದ್ದರೂ ತೊಂದರೆಯಿಲ್ಲ. ನಮ್ಮ ಉದಾಹರಣೆಯಲ್ಲಿ ಅಣ್ಣ ಮನೆ ಬಾಡಿಗೆ 27,000, ಚಿಕ್ಕಪ್ಪ ಗಾಡಿಯ 21,000, ತಂಗಿ ಊಟದ 13,500 ಕೊಟ್ಟಿದ್ದಾರೆ ಅಂದುಕೊಳ್ಳಿ. ಕೊಟ್ಟದ್ದರಲ್ಲಿ ಅವರವರ ಪಾಲು ಕಳೆಯಿರಿ. ಅಣ್ಣನಿಗೆ 9,450 ಬರಬೇಕು, ಚಿಕ್ಕಪ್ಪನಿಗೆ 1,200 ಬರಬೇಕು. ತಂಗಿ 4,050 ಕೊಡಬೇಕು, ಅತ್ತೆ 6,600 ಕೊಡಬೇಕು. ಅತ್ತೆ ಪೂರ್ತಿ 6,600 ಅಣ್ಣನಿಗೇ ಕಳಿಸಲಿ. ತಂಗಿ ಅಣ್ಣನಿಗೆ 2,850, ಚಿಕ್ಕಪ್ಪನಿಗೆ 1,200 ಕಳಿಸಲಿ. ಮೂರೇ ಸಲ ದುಡ್ಡು ಕಳಿಸಿದರೆ ನಾಲ್ಕೂ ಮನೆಯ ಲೆಕ್ಕ ಚುಕ್ತಾ. ಸ್ಪ್ಲಿಟ್‌ವೈಸ್ ಈ ಕೂಡಿಸಿ ಕಳೆಯುವ ಕೆಲಸವನ್ನು ತಾನೇ ಮಾಡುತ್ತದೆ, ಆದರೆ ಯಾರದು ಎಷ್ಟು ಪಾಲು ಅಂತ ನೀವೇ ತುಂಬಬೇಕು. ಸುಮ್ನೆ ಬಿಟ್ಟರೆ ಎಲ್ಲರಿಗೂ ಸಮ ಮಾಡಿಬಿಡುತ್ತದೆ.

ಗುಂಪಿನಲ್ಲಿ ಹಾಕುವ ಮೆಸೇಜು ಒಂದೇ ಇರಲಿ: ಒಟ್ಟು ಖರ್ಚು, ಪ್ರತಿ ಮನೆಯ ಪಾಲು, ಯಾರು ಯಾರಿಗೆ ಎಷ್ಟು, ಬಿಲ್ಲುಗಳ ಫೋಟೊ, ದುಡ್ಡು ಬರಬೇಕಾದವರ ಕ್ಯೂಆರ್ ಕೋಡ್. ಹೆಸರು ಹಿಡಿದು ನೆನಪಿಸಬೇಕಾಗಿ ಬಂದರೆ ಗುಂಪಿನಲ್ಲಿ ಬೇಡ, ಫೋನ್ ಮಾಡಿ. ಹತ್ತಿಪ್ಪತ್ತು ರೂಪಾಯಿ ಆಚೀಚೆ ಆದರೆ ಅದನ್ನು ಹುಡುಕುತ್ತಾ ಕೂರಬೇಡಿ.

ಉಳಿದ ಅಕ್ಕಿ, ಬೇಳೆ, ಎಣ್ಣೆಯನ್ನು ಹೊರಡುವಾಗಲೇ ಹಂಚಿಬಿಡಿ, ಅಥವಾ ಹೋಮ್‌ಸ್ಟೇಯಲ್ಲಿ ಕೆಲಸ ಮಾಡಿದವರಿಗೆ ಕೊಡಿ. ಕಾಷನ್ ಡಿಪಾಸಿಟ್ ವಾಪಸ್ ಬರಲು ಕೆಲವು ದಿನ ಹಿಡಿಯಬಹುದು. ಬಂದ ದಿನವೇ ಅದನ್ನು ಮನೆ ಬಾಡಿಗೆ ಹಂಚಿದ ಪಾಲಿನಲ್ಲೇ ಹಿಂದಿರುಗಿಸಿ, ಗುಂಪಿನಲ್ಲಿ ಒಂದು ಸಾಲು ಬರೆಯಿರಿ.